ಎತ್ತರದಿಂದ ಅಳೆಯಲಾಗದ ರಾಕೆಟ್

2010ರ ಸೆಪ್ಟೆಂಬರ್ 5. ಬಾಲ್ಟಿಕ್ ಸಮುದ್ರದಲ್ಲಿ, ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದ ಆಚೆ, ತೇಲುವ ವೇದಿಕೆಯ ಮೇಲೆ ರಾಕೆಟ್ಟೊಂದು ನಿಂತಿತ್ತು. ಎಣಿಕೆ ಮುಗಿದರೂ ಅದು ಕದಲಲಿಲ್ಲ. ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ ಹಾಯಬೇಕಿದ್ದ ಕವಾಟ ಹೆಪ್ಪುಗಟ್ಟಿ, ತೆರೆದುಕೊಳ್ಳಲೇ ಇಲ್ಲ. ಅದನ್ನು ಬೆಚ್ಚಗಿಡಲು ಜೋಡಿಸಿದ್ದು ಮನೆಯಲ್ಲಿ ಕೂದಲು ಒಣಗಿಸುವ ಹೇರ್ ಡ್ರೈಯರ್. ಅದಕ್ಕೆ ಬೇಕಿದ್ದ ವಿದ್ಯುತ್ ಕೈಕೊಟ್ಟಿತ್ತು. ಜಗತ್ತಿನ ಪತ್ರಿಕೆಗಳು ಹೇರ್ ಡ್ರೈಯರ್ ಕಥೆಯನ್ನು ಚಪ್ಪರಿಸಿ ಬರೆದವು. ಒಂಬತ್ತು ತಿಂಗಳ ನಂತರ, 2011ರ ಜೂನ್ 3ರಂದು, ಅದೇ ಜನ ಅದೇ ಸಮುದ್ರದಿಂದ ರಾಕೆಟ್ ಹಾರಿಸಿದರು.

ಇದು ಕೋಪನ್‌ಹೇಗನ್ ಸಬಾರ್ಬಿಟಲ್ಸ್. 2008ರಲ್ಲಿ ಇಬ್ಬರು ಹುಟ್ಟುಹಾಕಿದ ತಂಡ. ಕಾರ್ಯಾಗಾರ ಇರುವುದು ಕೋಪನ್‌ಹೇಗನ್ ಬಂದರಿನ ರೆಫ್‌ಶಾಲೆಯೆನ್‌ನಲ್ಲಿ, ಹಿಂದೆ ಹಡಗು ಕಟ್ಟುತ್ತಿದ್ದ ಜಾಗದಲ್ಲಿ. ಸಂಬಳ ಯಾರಿಗೂ ಇಲ್ಲ. ಜನ ಕೊಡುವ ದೇಣಿಗೆಯಲ್ಲಿ ಉಕ್ಕು, ಕವಾಟ, ಇಂಧನ ಬರುತ್ತದೆ. ಹಗಲು ಬೇರೆ ಉದ್ಯೋಗ ಮಾಡುವವರು ಸಂಜೆ ಮತ್ತು ವಾರದ ರಜೆಯಲ್ಲಿ ಬಂದು ವೆಲ್ಡಿಂಗ್ ಮಾಡುತ್ತಾರೆ, ಸರ್ಕ್ಯೂಟ್ ಜೋಡಿಸುತ್ತಾರೆ, ಪ್ಯಾರಾಚೂಟ್ ಹೊಲಿಯುತ್ತಾರೆ. ಗುರಿ ಒಂದೇ: ತಮ್ಮಲ್ಲೊಬ್ಬರನ್ನು 100 ಕಿಲೋಮೀಟರ್ ಎತ್ತರಕ್ಕೆ ಕಳಿಸಿ, ಜೀವಸಹಿತ ಇಳಿಸುವುದು.

ಹದಿನೈದಕ್ಕೂ ಹೆಚ್ಚು ವರ್ಷ ಕಳೆದವು, ಪ್ರಗತಿ ಎಲ್ಲಿ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿದರೆ ಅವರ ಮಾತು ಸರಿಯೆಂದೇ ಅನ್ನಿಸುತ್ತದೆ. 2011ರಲ್ಲಿ 2.8 ಕಿ.ಮೀ., 2013ರಲ್ಲಿ 8 ಕಿ.ಮೀ. ದಾಟಿತು. 2016ರಲ್ಲಿ ಸುಮಾರು ಒಂದೂವರೆ, 2018ರಲ್ಲಿ ಆರೂವರೆ. ಅತ್ತ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ರಾಕೆಟ್ 2024ರ ಅಕ್ಟೋಬರ್ 20ರಂದು ನೆವಾಡ ಮರುಭೂಮಿಯಿಂದ 143 ಕಿ.ಮೀ. ಏರಿ ಹವ್ಯಾಸಿಗಳ ದಾಖಲೆಯನ್ನೇ ಮುರಿಯಿತು.

ಆದರೆ ಈ ಅಳತೆಗೋಲೇ ತಪ್ಪು ಎನ್ನುವುದು ನನ್ನ ವಾದ. ವಿದ್ಯಾರ್ಥಿಗಳದು ಘನ ಇಂಧನದ ರಾಕೆಟ್. ಒಮ್ಮೆ ಹೊತ್ತಿದರೆ ಉರಿದು ಮುಗಿಯುವವರೆಗೆ ನಿಲ್ಲದು. ಅದರೊಳಗೆ ಮನುಷ್ಯ ಕೂರುವ ಪ್ರಶ್ನೆಯೂ ಇಲ್ಲ. ಅವರ ಸಾಧನೆ ದೊಡ್ಡದು, ಹಾದಿ ಬೇರೆ. ಡ್ಯಾನಿಷ್ ತಂಡದ ಪ್ರತಿ ಹಾರಾಟದಲ್ಲೂ ನೋಡಬೇಕಾದದ್ದು ಎಷ್ಟು ಎತ್ತರ ಹೋಯಿತು ಎಂಬುದನ್ನಲ್ಲ, ರಾಕೆಟ್ ಎಷ್ಟರಮಟ್ಟಿಗೆ ಹೇಳಿದ ಮಾತು ಕೇಳಿತು ಎಂಬುದನ್ನು. 2011ರಲ್ಲಿ ದಿಕ್ಕು ತಪ್ಪಿದ್ದರಿಂದ 21 ಸೆಕೆಂಡಿಗೆ ಕೆಳಗಿನಿಂದಲೇ ಎಂಜಿನ್ ಆರಿಸಬೇಕಾಯಿತು. 2013ರ ಸಫೈರ್ ರಾಕೆಟ್ ಹಾರುತ್ತಲೇ ತನ್ನ ದಿಕ್ಕನ್ನು ತಾನೇ ತಿದ್ದಿಕೊಂಡಿತು. ಆಮೇಲೆ ಅವರು ಕೈಹಿಡಿದಿದ್ದ ಬಗೆಯ ಎಂಜಿನ್ನನ್ನೇ ಬಿಟ್ಟು, ಇಂಧನವೂ ದ್ರವವಾಗಿರುವ, ಎಥೆನಾಲ್ ಮತ್ತು ದ್ರವ ಆಮ್ಲಜನಕದ ಎಂಜಿನ್ನಿಗೆ ಹೊರಳಿದರು. ಒಲಿದ ವಿದ್ಯೆ ಬಿಟ್ಟು ಅಕ್ಷರಾಭ್ಯಾಸದಿಂದ ಶುರುಮಾಡಿದ ಹಾಗೆ. ಎತ್ತರ ಕುಸಿದದ್ದು ಅದಕ್ಕೆ.

ನೆಕ್ಸೋ-1 ಮತ್ತು ನೆಕ್ಸೋ-2 ಎಂಬ ಅಕ್ಕತಂಗಿ ರಾಕೆಟ್‌ಗಳ ಕಥೆ ಇಲ್ಲಿ ಮುಖ್ಯ. 2016ರ ಜುಲೈ 23ರಂದು ಹಾರಿದ ಮೊದಲನೆಯದಕ್ಕೆ ನಿರೀಕ್ಷಿಸಿದ ನೂಕುಬಲ ಬರಲಿಲ್ಲ, ಸಮುದ್ರಕ್ಕೆ ಅಪ್ಪಳಿಸಿತು. ಆಮ್ಲಜನಕ ಅವಧಿಗೆ ಮೊದಲೇ ಮುಗಿದಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಆ ರಾಕೆಟ್ಟಿನಲ್ಲಿ ಟ್ಯಾಂಕಿನ ಒತ್ತಡ, ಊದಿ ಬಿಟ್ಟ ಬಲೂನಿನಂತೆ, ಹಾರುತ್ತ ಹೋದಂತೆ ಇಳಿಯುತ್ತಿತ್ತು. ಎರಡನೆಯದಕ್ಕೆ ಒತ್ತಡವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ವ್ಯವಸ್ಥೆ ಕೂರಿಸಿದರು. ಅದಕ್ಕೆ ಎರಡು ವರ್ಷ ಹಿಡಿಯಿತು. 2018ರ ಆಗಸ್ಟ್ 4ರಂದು ನೆಕ್ಸೋ-2 ನೆಟ್ಟಗೆ ಏರಿ, ಪ್ಯಾರಾಚೂಟ್ ಬಿಚ್ಚಿಕೊಂಡು ನೀರಿಗಿಳಿಯಿತು. ಅದನ್ನು ಎತ್ತಿ ತಂದರು. ಹಾರಿದ ರಾಕೆಟ್ ಮರಳಿ ಕಾರ್ಯಾಗಾರದ ಮೇಜಿಗೆ ಬಂದರೆ ಅದರ ಪ್ರತಿ ಕೀಲನ್ನೂ ಬಿಚ್ಚಿ ನೋಡಬಹುದು. ಆರೂವರೆ ಕಿಲೋಮೀಟರಿಗಿಂತ ನನಗೆ ದೊಡ್ಡದಾಗಿ ಕಾಣುವುದು ಇದು.

ನಡುವೆ ತಂಡ ಒಡೆದೂ ಇತ್ತು. 2014ರಲ್ಲಿ ಇಬ್ಬರು ಸ್ಥಾಪಕರೂ ಹೊರನಡೆದರು. ಅವರಲ್ಲೊಬ್ಬನಾದ ಪೀಟರ್ ಮ್ಯಾಡ್ಸನ್ ಪತ್ರಕರ್ತೆ ಕಿಮ್ ವಾಲ್ ಅವರನ್ನು ಕೊಂದ ಅಪರಾಧಕ್ಕೆ 2018ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. ಆತ ತಂಡ ಬಿಟ್ಟು ಮೂರು ವರ್ಷವಾದ ಮೇಲೆ ನಡೆದ ಕೃತ್ಯ ಅದು. ಆದರೂ ಅದರ ನೆರಳು ಉಳಿದವರ ಮೇಲೆ ಬೀಳದೆ ಇದ್ದೀತೇ? ಅವರು ಕೆಲಸ ನಿಲ್ಲಿಸಲಿಲ್ಲ. ಕಟ್ಟಿದವರು ಹೋದ ಮೇಲೂ ನೆಕ್ಸೋ ಹಾರಿತು.

ನಮ್ಮಲ್ಲಿ ‘ಹವ್ಯಾಸಿ’ ಎಂಬ ಮಾತಿಗೆ ಗೌರವದ ಅರ್ಥವಿದೆ. ಹೆಗ್ಗೋಡಿನ ಅಡಿಕೆ ತೋಟಗಳ ನಡುವೆ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಅದಕ್ಕೆ ಸಾಕ್ಷಿ. ವಿಜ್ಞಾನದ ವಿಷಯ ಬಂದಾಗ ಮಾತ್ರ ನಾವು ಆ ಮಾತನ್ನು ಮರೆಯುತ್ತೇವೆ. ಮಣಿಪಾಲದ ವಿದ್ಯಾರ್ಥಿಗಳು ತಾವೇ ಕಟ್ಟಿದ ರಾಕೆಟ್‌ನೊಂದಿಗೆ ಅಮೆರಿಕದ ಸ್ಪರ್ಧೆಗೆ ಹೋಗಿಬಂದಿದ್ದಾರೆ. ಆದರೆ ಪದವಿ ಮುಗಿಯಿತೆಂದರೆ ಕೈ ಪಳಗಿದವರೆಲ್ಲ ಚದುರುತ್ತಾರೆ. ಖಾಸಗಿಯವರಿಗೆ ಬಾಹ್ಯಾಕಾಶದ ಬಾಗಿಲು ತೆರೆದಾಗಿನಿಂದ ಹೂಡಿಕೆ, ಸ್ಟಾರ್ಟ್‌ಅಪ್‌ಗಳ ಮಾತು ಸಾಕಷ್ಟು ನಡೆದಿದೆ. ಬೆಂಗಳೂರಿನಂಥ ಊರಿನಲ್ಲಿ ಲೇಥ್ ಗೊತ್ತಿರುವ, ಕವಾಟ ಗೊತ್ತಿರುವ ನಿವೃತ್ತರೂ ಯುವಕರೂ ಹತ್ತು ವರ್ಷ ಒಂದೇ ಶೆಡ್ಡಿನಲ್ಲಿ ಸೇರಬಹುದಾದ ಬಗೆಯನ್ನೂ ಯಾರಾದರೂ ಯೋಚಿಸಬೇಕು.

ಡ್ಯಾನಿಷ್ ತಂಡದ ಮುಂದಿರುವ ರಾಕೆಟ್ ಸ್ಪೈಕಾ. ನಮ್ಮ ಪಂಚಾಂಗದ ಚಿತ್ತಾ ನಕ್ಷತ್ರವನ್ನು ಪಾಶ್ಚಾತ್ಯರು ಕರೆಯುವ ಹೆಸರದು. ಸುಮಾರು 13 ಮೀಟರ್ ಎತ್ತರ, 4 ಟನ್ ತೂಕ. ನೆಕ್ಸೋಗೆ 5 ಕಿಲೋನ್ಯೂಟನ್ ಎಂಜಿನ್ ಸಾಕಾಗಿತ್ತು. ಸ್ಪೈಕಾಗೆ 100 ಬೇಕು. ಸಣ್ಣ ಎಂಜಿನ್ನಿನ ನಕ್ಷೆಯನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದರೆ ದೊಡ್ಡ ಎಂಜಿನ್ ಆಗುವುದಿಲ್ಲ. ದಹನಕೋಣೆ ದೊಡ್ಡದಾದಂತೆ ಜ್ವಾಲೆ ಹೊಯ್ದಾಡತೊಡಗುತ್ತದೆ, ಗೋಡೆ ಸೀಳಬಹುದು. ಯುದ್ಧಕಾಲದ ಜರ್ಮನಿಯ ವಿ-2 ಕೂಡ ಆಲ್ಕೋಹಾಲ್ ಮತ್ತು ದ್ರವ ಆಮ್ಲಜನಕದಲ್ಲೇ ಓಡುತ್ತಿತ್ತು. ಅದರ ಎಂಜಿನಿಯರುಗಳು ಈ ಕಷ್ಟ ತಪ್ಪಿಸಲು ಒಂದೇ ಎಂಜಿನ್ನಿನ ತಲೆಗೆ 18 ಸಣ್ಣ ಬಟ್ಟಲುಗಳನ್ನು ಜೋಡಿಸಿದ್ದರು. ಸರ್ಕಾರವೊಂದು ಸಕಲ ಬಲ ಸುರಿದಾಗಲೂ ಕಾಡಿದ ಸಮಸ್ಯೆಯಿದು. ರಜಾದಿನಗಳಲ್ಲಿ ಇದನ್ನು ಬಿಡಿಸಲು ಕೂತವರಿಗೆ ‘ತಡವಾಯಿತು’ ಎನ್ನುವ ಹಕ್ಕು ನಮಗಿಲ್ಲ.

ಮನುಷ್ಯನನ್ನು ಕೂರಿಸುವ ವಿಷಯದಲ್ಲಂತೂ ಅವರು ಇನ್ನಷ್ಟು ತಡಮಾಡಲಿ. 2011ರ ಹಾರಾಟದಲ್ಲಿ ಕೋಶದೊಳಗೆ ಮನುಷ್ಯಾಕಾರದ ಗೊಂಬೆಯೊಂದಿತ್ತು. ಪ್ಯಾರಾಚೂಟ್ ಸರಿಯಾಗಿ ಅರಳದೆ ಕೋಶ ನೀರಿಗೆ ಬಡಿದಾಗ ಆದ ಆಘಾತ 26 ಜಿ. ದಪ್ಪ ಲೋಹದ ಹೊರಮೈ ನಗ್ಗಿಹೋಗಿತ್ತು. ಮೊದಲ ಸ್ಪೈಕಾದಲ್ಲೂ ಆ ಸ್ಥಾನದಲ್ಲಿ ಗೊಂಬೆಯೇ ಕೂರಲಿ, ಎರಡನೆಯದರಲ್ಲೂ.