ಹಾಲಿನ ಲೆಕ್ಕದಲ್ಲಿ ಹಸುವಿನ ಆರೋಗ್ಯವೂ ಸೇರಲಿ

ಬಿಳಿಗೆರೆಯ ಪಶು ಆಹಾರ ವರ್ತಕರೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ಐದಾರು ಮನೆಗಳ ಬಾಕಿ ಮೂರು ತಿಂಗಳಿನಿಂದ ಹಾಗೆಯೇ ನಿಂತಿರುವುದು ಕಂಡುಬಂದಿತು. ಕಾರಣ ಕೇಳಿದೆ. ‘ಹಸು ಹಾಲು ಕಡಿಮೆ ಮಾಡಿದೆಯಂತೆ, ಸಾರ್’ ಎಂದರು. ನಮ್ಮ ಸೀಮೆಯಲ್ಲಿ ಕೊಬ್ಬರಿಯ ಹಣ ಬರುವುದು ವರ್ಷಕ್ಕೊಮ್ಮೆ. ಅಂಗಡಿಯ ಬಾಕಿ ತೀರುವುದು ಹಾಲಿನ ಬಟವಾಡೆಯಿಂದ. ಆದುದರಿಂದ ಕೆಚ್ಚಲಿನ ಆರೋಗ್ಯವು ವರ್ತಕ ಬಂಧುಗಳಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಕೆಚ್ಚಲು ಬಾವು ಎಂದರೆ ಊತ, ಹಾಲಿನಲ್ಲಿ ಗರಣೆ ಎಂದಷ್ಟೇ ನಾವು ಬಲ್ಲೆವು. ಆದರೆ ಕಣ್ಣಿಗೆ ಕಾಣದ ಬಾವು ಇದಕ್ಕಿಂತ ಹೆಚ್ಚು ವ್ಯಾಪಕವಾದುದು. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಇಳುವರಿ ಮಾತ್ರ ಕುಸಿಯುತ್ತದೆ. ದಿನಕ್ಕೆ ಎರಡು ಲೀಟರ್ ನಷ್ಟ, ಲೀಟರಿಗೆ 35 ರೂ. ಎಂದಿಟ್ಟುಕೊಂಡರೂ 200 ದಿನಗಳಲ್ಲಿ 14,000 ರೂಪಾಯಿ! ಯಾವ ಪುಸ್ತಕದಲ್ಲಿಯೂ ದಾಖಲಾಗದ ನಷ್ಟವಿದು. ಇದನ್ನು ಪತ್ತೆಹಚ್ಚುವ ಕ್ಯಾಲಿಫೋರ್ನಿಯಾ ಪರೀಕ್ಷೆ 1957ರಿಂದಲೂ ಇದೆ. ನಾಲ್ಕು ಮೊಲೆಗಳ ಹಾಲನ್ನು ನಾಲ್ಕು ಗುಳಿಗಳ ತಟ್ಟೆಯಲ್ಲಿ ಬೇರೆಬೇರೆಯಾಗಿ ಕರೆದು, ಸಮಪ್ರಮಾಣದ ದ್ರಾವಣ ಬೆರೆಸಿ ತಿರುಗಿಸಿದರೆ ಸೋಂಕಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಅರ್ಧ ನಿಮಿಷದ ಕೆಲಸ.

ಸಂಘದಲ್ಲಿ ಹೇಗೂ ಹಾಲು ಪರೀಕ್ಷೆಯಾಗುತ್ತದೆಯಲ್ಲ ಎನ್ನಬಹುದು. ಅಲ್ಲಿ ಅಳೆಯುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು, ಅದೂ ದರ ನಿಗದಿಗಾಗಿ. ಮೇಲಾಗಿ ಮನೆಯ ಎರಡು ಮೂರು ಹಸುಗಳ ಹಾಲು ಒಂದೇ ಪಾತ್ರೆಯಲ್ಲಿ ಬರುತ್ತದೆ. ಕ್ರೋಡೀಕೃತ ಲೆಕ್ಕದಲ್ಲಿ ಒಂದು ಶಾಖೆಯ ನಷ್ಟ ಮುಚ್ಚಿಹೋಗುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಕೀಟೋಸಿಸ್‌ನ ವಿಷಯವಂತೂ ಇನ್ನೂ ವಿಚಿತ್ರ. ಕರು ಹಾಕಿದ ಮೊದಲ ವಾರಗಳಲ್ಲಿ ಮೇವಿನಿಂದ ಸಾಕಷ್ಟು ಶಕ್ತಿ ದೊರೆಯದ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಆಗ ಹಾಲಿನ ಜಿಡ್ಡು ಹಲವು ವೇಳೆ ಏರುತ್ತದೆ. ಹಸು ಸೊರಗುತ್ತಿರುವಾಗಲೇ ರೈತನಿಗೆ ಒಳ್ಳೆಯ ದರ! ಮೂತ್ರದ ಕೆಲವು ಹನಿಗಳನ್ನು ನೈಟ್ರೊಪ್ರಸೈಡ್ ಬೆರೆತ ಪುಡಿಯ ಮೇಲೆ ಹಾಕಿದಾಗ ನೇರಳೆ ಬಣ್ಣ ಮೂಡಿದರೆ ಸತ್ಯ ಹೊರಬೀಳುತ್ತದೆ.

ಪರೀಕ್ಷೆಯೇ ಚಿಕಿತ್ಸೆಯಲ್ಲ. ಈದ ಮೊದಲ ಕೆಲವು ದಿನಗಳಲ್ಲಿಯೂ ಹಾಲು ಬತ್ತುವ ಕಾಲದಲ್ಲಿಯೂ ಆರೋಗ್ಯವಂತ ಹಸುವಿನ ಹಾಲು ಸಹ ಲೋಳೆ ತೋರಿಸಬಹುದು. ಔಷಧ ನಿರ್ಧರಿಸಬೇಕಾದವರು ಪಶುವೈದ್ಯರು. ಲೋಳೆ ಕಂಡೊಡನೆ ಅಂಗಡಿಯಿಂದ ಪ್ರತಿಜೀವಕ ತಂದು ಚುಚ್ಚಿಸಿದರೆ ಅದರ ಶೇಷ ಹಾಲಿಗೆ ಸೇರಿ ಇನ್ನೊಂದು ಅನರ್ಥವಾದೀತು.

ಕಾಯಿಯನ್ನು ಒಡೆಯದೆ, ಅಲುಗಿಸಿ ಕಿವಿಗೊಟ್ಟೇ ಒಳಗಿನ ಕೊಬ್ಬರಿಯನ್ನು ಅರಿಯುವ ಜನ ನಾವು. ಈ ವಿದ್ಯೆಯೂ ನಮಗೆ ಕಷ್ಟವಾಗದು. ಕೊನೇಹಳ್ಳಿಯಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ತರಬೇತಿಗಾಗಿ ದೂರ ಹೋಗಬೇಕಾಗಿಲ್ಲ. ಹಿಂಡಿ, ಬೂಸಾ ಮಾರುವ ನಮ್ಮ ಸದಸ್ಯರು ತಮ್ಮ ವ್ಯಾಪ್ತಿಯ ಪ್ರತಿಯೊಂದು ಹಾಲು ಸಂಘಕ್ಕೂ ಒಂದು ತಟ್ಟೆ, ಒಂದು ಸೀಸೆ ದ್ರಾವಣ ಕೊಡಿಸುವ ಪ್ರಸ್ತಾಪವನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇನೆ. ವೆಚ್ಚ ವಸೂಲಾಗದ ಬಾಕಿಗಿಂತ ಕಡಿಮೆಯೇ ಆದೀತು.