ಉಮೇದುವಾರರ ದೇಹಪ್ರಕೃತಿಯೂ ಲೋಕದ ನಾಲಗೆಯೂ

ಚುನಾವಣೆಯ ಕಾಲವು ಬಂದಿತೆಂದರೆ ನಮ್ಮ ಸೀಮೆಯಲ್ಲಿ ವೈದ್ಯರ ಸಂಖ್ಯೆಯು ಒಮ್ಮೆಲೇ ಹೆಚ್ಚುವದು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿಯೂ ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿಯೂ ರಾಯಬಾಗದ ಸಂತೆಯಲ್ಲಿಯೂ ಅಥಣಿ-ಕಾಗವಾಡಗಳ ಸಕ್ಕರೆ ಕಾರಖಾನೆಗಳ ಅಂಗಳದಲ್ಲಿಯೂ ಕುಳಿತ ಮಹನೀಯರು, ಉಮೇದುವಾರನ ಮೋರೆಯ ಬಣ್ಣ, ನಡಿಗೆಯ ಧಾಟಿ, ಕೈಯ ನಡುಕ ಇಷ್ಟನ್ನು ಕಂಡೇ ರೋಗದ ಹೆಸರನ್ನು ನಿಶ್ಚಯಿಸಿ, ಅವನ ಆಯುಷ್ಯದ ಅವಧಿಯನ್ನೂ ತೀರ್ಮಾನಿಸಿಬಿಡುವರು. ನಾಡಿ ಹಿಡಿದು ನೋಡಿದವನಿಗಿಲ್ಲದ ಧೈರ್ಯವು, ದೂರದಿಂದ ನೋಡಿದವನಿಗೆ, ಅದೂ ಮೊಬೈಲಿನ ಅಂಗೈಯಗಲದ ಚಿತ್ರದಲ್ಲಿ ನೋಡಿದವನಿಗೆ, ಎಲ್ಲಿಂದ ಬರುವದೋ ತಿಳಿಯದು.

ಇದು ಕ್ಷುಲ್ಲಕ ಹರಟೆ, ಊರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೇ, ಎಂದು ಕೆಲವರು ಸುಮ್ಮನಾಗುವರು. ಆದರೆ ಈ ಮಾತು ಕ್ಷುಲ್ಲಕವಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯವಾಗಿದೆ. ಇದರಿಂದ ಮೂವರಿಗೆ ಅನ್ಯಾಯವಾಗುತ್ತದೆ: ಯಾವನ ದೇಹದ ಚರ್ಚೆ ನಡೆಯುವದೋ ಆ ಮನುಷ್ಯನಿಗೆ, ಯಾವದರ ಆಧಾರದಿಂದ ರಾಜ್ಯವು ನಡೆಯಬೇಕೋ ಆ ಮತಕ್ಕೆ, ಮತ್ತು ತಮ್ಮ ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಈ ಮಾತುಗಳನ್ನು ಕೇಳುತ್ತ ಕುಳಿತಿರುವ ಸಾವಿರಾರು ಕುಟುಂಬಗಳಿಗೆ.

ಮೊದಲು ಸಂಗತಿಗಳನ್ನು ನೋಡೋಣ. 2023ನೆಯ ಇಸವಿಯ ಎಪ್ರಿಲ್ 29ರಂದು, ನಮ್ಮ ವಿಧಾನಸಭೆಯ ಮತದಾನಕ್ಕೆ ಇನ್ನು ಹನ್ನೊಂದು ದಿನಗಳಿರಲು, ವಿಜಯನಗರ ಜಿಲ್ಲೆಯ ಕೂಡ್ಲಿಗಿಯಲ್ಲಿ ಸಿದ್ಧರಾಮಯ್ಯನವರು ಮೋಟಾರಿನ ಬಾಗಿಲ ಬಳಿ ನಿಂತು ಜನರಿಗೆ ವಂದಿಸುತ್ತಿದ್ದಾಗ ಕಾಲು ತಪ್ಪಿ ಆಯತಪ್ಪಿದರು. ಕ್ಷಣಮಾತ್ರದ ಆ ದೃಶ್ಯವು ನಾಡಿನ ಮೂಲೆಮೂಲೆಗೂ ಹರಿಯಿತು. ಕಾಲು ಜಾರಿತಷ್ಟೇ, ತಾವು ಆರೋಗ್ಯದಿಂದಿರುವೆವು ಎಂದು ಅವರೇ ಪ್ರಕಟಿಸಬೇಕಾಯಿತು. ಮುಂದೆ ಅವರು ವರುಣಾದಿಂದ ಗೆದ್ದು, ಮೇ 20ರಂದು ಮುಖ್ಯಮಂತ್ರಿಪದದ ಪ್ರಮಾಣವಚನವನ್ನು ಸ್ವೀಕರಿಸಿದರು. ಕಾಲು ಜಾರುವದು ಒಂದು ರೋಗವಾಗಿದ್ದರೆ, ಮಳೆಗಾಲದ ನಮ್ಮ ಹೊಲದ ಬದುವಿನಲ್ಲಿ ನಿರೋಗಿಯೊಬ್ಬನೂ ಸಿಕ್ಕಲಾರನು.

ಇದು ಕಟ್ಟೆಯ ಮಾತಿನ ಉದಾಹರಣೆಯಾಯಿತು. ಕಟ್ಟೆಯ ಮಾತು ವ್ಯಾಸಪೀಠಕ್ಕೇರಿದರೆ ಏನಾಗುವದೆಂಬುದಕ್ಕೆ ಒಡಿಶಾದ ಕಡೆಗೆ ನೋಡಬೇಕು. ಅಲ್ಲಿ 2000ನೆಯ ಇಸವಿಯಿಂದ ಮುಖ್ಯಮಂತ್ರಿಗಳಾಗಿದ್ದ ನವೀನ ಪಟ್ನಾಯಕರು 2024ರಲ್ಲಿ ಮತ್ತೊಮ್ಮೆ ಜನರ ಮುಂದೆ ನಿಂತಿದ್ದರು. ಅವರ ಕೈ ನಡುಗುವದನ್ನು ತೋರಿಸುವ ಒಂದು ಚಿತ್ರವನ್ನು ಎದುರು ಪಕ್ಷದವರು ಎಲ್ಲೆಡೆಗೆ ಹರಡಿದರು. ಮೇ 29ರಂದು ಬಾರಿಪದಾದ ಬಹಿರಂಗ ಸಭೆಯಲ್ಲಿ ಸ್ವತಃ ಪ್ರಧಾನಮಂತ್ರಿ ನರೇಂದ್ರ ಮೋದಿಯವರೇ, ಒಂದು ವರ್ಷದಲ್ಲಿ ಪಟ್ನಾಯಕರ ಪ್ರಕೃತಿಯು ಹೀಗೇಕೆ ಕೆಟ್ಟಿತೆಂದು ಕೇಳಿ, ತಮ್ಮ ಪಕ್ಷದ ಸರಕಾರವು ಬಂದರೆ ಅದರ ವಿಚಾರಣೆಗಾಗಿ ಒಂದು ಸಮಿತಿಯನ್ನು ನೇಮಿಸುವದಾಗಿ ಸಾರಿದರು. ಅಲ್ಲಿಯ ಕೊನೆಯ ಹಂತದ ಮತದಾನಕ್ಕೆ ಆಗ ಮೂರೇ ದಿನಗಳಿದ್ದವು. ತಾವು ಸ್ವಸ್ಥರಿರುವದಾಗಿಯೂ, ಅಷ್ಟು ಕಾಳಜಿಯಿದ್ದರೆ ಒಂದು ಫೋನು ಮಾಡಿ ಕೇಳಬಹುದಾಗಿತ್ತೆಂದೂ ಪಟ್ನಾಯಕರು ಉತ್ತರ ಕೊಟ್ಟರು. ಆ ಚುನಾವಣೆಯಲ್ಲಿ ಅವರ ಪಕ್ಷವು ಸೋತಿತು. ಆ ಸೋಲಿಗೆ ಅನೇಕ ಕಾರಣಗಳಿರಬಹುದು. ನಮ್ಮ ಪ್ರಶ್ನೆಯು ಗೆಲವು-ಸೋಲಿನದಲ್ಲ, ಮರ್ಯಾದೆಯದು. ಕಾಳಜಿಯೆಂಬುದು ರೋಗಿಯ ಮನೆಯ ಬಾಗಿಲಿಗೆ ಹೋಗುವದು. ಮತದಾನದ ಮೂರು ದಿನ ಮುಂಚೆ ಧ್ವನಿವರ್ಧಕದ ಮುಂದೆ ನಿಲ್ಲುವದು ಕಾಳಜಿಯಲ್ಲ. ಪಕ್ಷಗಳ ಹೆಸರು ಅದಲುಬದಲಾದರೂ ನಮ್ಮ ಈ ಮಾತು ಬದಲಾಗತಕ್ಕದ್ದಲ್ಲ. ಇಂದು ಒಬ್ಬನು ಎತ್ತಿದ ಆಯುಧವನ್ನು ನಾಳೆ ಮತ್ತೊಬ್ಬನು ಎತ್ತದೆ ಬಿಡನು.

ಇಲ್ಲಿ ಪ್ರತಿಪಕ್ಷದವರ ವಾದವನ್ನು ನ್ಯಾಯವಾಗಿ ಮಂಡಿಸುವದು ಅವಶ್ಯ. ಅವರು ಹೀಗೆ ಹೇಳಬಹುದು: “ಐದು ವರ್ಷಗಳ ಹೊರೆಯನ್ನು ಹೊರಿಸತಕ್ಕ ಎತ್ತಿನ ಹಲ್ಲು-ಗೊರಸು ನೋಡದೆ ಯಾವ ರೈತನೂ ಜತ್ರೆಯಲ್ಲಿ ಹಣ ಕೊಡುವದಿಲ್ಲ. ಅಂದಮೇಲೆ ರಾಜ್ಯದ ಹೊರೆಯನ್ನು ಹೊರುವವನ ದೇಹಬಲವನ್ನು ಮತದಾರನು ಕೇಳಬಾರದೇಕೆ?” ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಅಮೇರಿಕೆಯ ಅಧ್ಯಕ್ಷ ರೂಸವೆಲ್ಟರಿಗೆ ಹೃದಯವು ಸೋಲುತ್ತಿದೆಯೆಂಬುದನ್ನು 1944ರ ಮಾರ್ಚ ತಿಂಗಳಲ್ಲಿಯೇ ವೈದ್ಯರು ಕಂಡುಹಿಡಿದಿದ್ದರು. ಆದರೂ ಅವರ ಆರೋಗ್ಯವು ಚೆನ್ನಾಗಿದೆಯೆಂದೇ ಜನರಿಗೆ ಹೇಳಲಾಯಿತು. ಅವರು ನವೆಂಬರದಲ್ಲಿ ನಾಲ್ಕನೆಯ ಸಲ ಆರಿಸಿಬಂದು, 1945ರ ಎಪ್ರಿಲ್ 12ರಂದು, ಮಹಾಯುದ್ಧವು ಇನ್ನೂ ಮುಗಿಯದಿರುವಾಗ, ತೀರಿಕೊಂಡರು. ಆ ಪ್ರಸಂಗದಲ್ಲಿ ಜನರಿಗೆ ಮೋಸವಾಯಿತೆಂದು ಯಾರಾದರೂ ಹೇಳಿದರೆ ಅವರ ಬಾಯಿ ಮುಚ್ಚಿಸಲು ನಮ್ಮಲ್ಲಿ ಉತ್ತರವಿಲ್ಲ.

ಆದರೆ ಇದರಿಂದ ಸಿದ್ಧವಾಗುವದೇನು? ಉಮೇದುವಾರನು ಸತ್ಯವನ್ನು ಹೇಳಬೇಕೆಂಬುದು ಸಿದ್ಧವಾಗುವದೇ ಹೊರತು, ಅವನ ವಿಷಯವಾಗಿ ಕಂಡವರೆಲ್ಲರೂ ಸುಳ್ಳನ್ನು ಹುಟ್ಟಿಸಬಹುದೆಂಬುದು ಸಿದ್ಧವಾಗುವದಿಲ್ಲ. ಪ್ರಶ್ನೆ ಬೇರೆ, ವದಂತಿ ಬೇರೆ. ಪ್ರಶ್ನೆಗೆ ಕೇಳುವವನ ಹೆಸರಿರುವದು, ವದಂತಿಗೆ ತಂದೆತಾಯಿಗಳಿಲ್ಲ. ಪ್ರಶ್ನೆಯು ಎದುರಿಗೆ ನಿಂತು ಉತ್ತರಕ್ಕಾಗಿ ಕಾಯುವದು. ವದಂತಿಯು ಬೆನ್ನ ಹಿಂದೆ ನಿಂತು, ಉತ್ತರ ಬಂದರೂ ಕಿವಿಗೆ ಹಾಕಿಕೊಳ್ಳದು. “ನೀವು ಸಭೆಗೆ ಹೋಗಿ ಕೆಲಸ ಮಾಡಲು ಶಕ್ತರಿರುವಿರಾ?” ಎಂಬುದು ಪ್ರಶ್ನೆ. “ಅವನು ದೀಪಾವಳಿಯನ್ನು ಕಾಣಲಾರನಂತೆ” ಎಂಬುದು ವದಂತಿ. ಎತ್ತಿನ ಹಲ್ಲು ನೋಡುವ ರೈತನೂ ಕೂಡ ಎತ್ತನ್ನು ಬೆಳಕಿನಲ್ಲಿ, ಅದರ ಧಣಿಯ ಎದುರಿನಲ್ಲಿ ನೋಡುವನು.

ನಮ್ಮ ಕಾಯಿದೆಗಳು ಈ ವಿಷಯದಲ್ಲಿ ಎಲ್ಲಿ ನಿಂತಿವೆಯೆಂಬುದನ್ನು ತಿಳಿದುಕೊಳ್ಳುವದು ಒಳ್ಳೆಯದು. ಲೋಕಸಭೆಯ ಸದಸ್ಯನ ಅನರ್ಹತೆಗಳನ್ನು ಹೇಳುವ ಸಂವಿಧಾನದ 102ನೆಯ ಅನುಚ್ಛೇದವು, ನ್ಯಾಯಾಲಯದಿಂದ ಅಸ್ವಸ್ಥಚಿತ್ತನೆಂದು ಘೋಷಿತನಾದವನನ್ನು ಬಿಟ್ಟರೆ, ಬೇರಾವ ರೋಗಿಯನ್ನೂ ಹೊರಗಿಟ್ಟಿಲ್ಲ. ನಾಮಪತ್ರದೊಡನೆ ಸಲ್ಲಿಸುವ 26ನೆಯ ನಮೂನೆಯ ಪ್ರಮಾಣಪತ್ರದಲ್ಲಿ ಉಮೇದುವಾರನು ತನ್ನ ಮೇಲಿನ ಖಟ್ಲೆಗಳನ್ನೂ ಆಸ್ತಿ-ಸಾಲಗಳನ್ನೂ ಶಿಕ್ಷಣವನ್ನೂ ಹೇಳಬೇಕು. ರೋಗದ ಕಲಮು ಅಲ್ಲಿಲ್ಲ. 2017ರ ಆಗಸ್ಟ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು, ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಏಕಾಭಿಪ್ರಾಯದಿಂದ ತೀರ್ಪಿತ್ತರು. ಆ ದಾವೆಯನ್ನು ತಂದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ಇನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮು, ಉಮೇದುವಾರನ ವೈಯಕ್ತಿಕ ಶೀಲ-ನಡತೆಗಳ ವಿಷಯವಾಗಿ ಸುಳ್ಳು ಹೇಳಿಕೆಗಳನ್ನು ಬುದ್ಧಿಪೂರ್ವಕವಾಗಿ ಪ್ರಕಟಿಸುವದನ್ನು ಭ್ರಷ್ಟ ಆಚರಣೆಯೆಂದು ಎಣಿಸಿದೆ. ಆದರೆ ದೇಹಪ್ರಕೃತಿಯ ಹೆಸರನ್ನು ಅದು ಎತ್ತಿಲ್ಲ. ಕಾಯಿದೆಯು ಬಿಟ್ಟ ಈ ಸಂದನ್ನು ಸಭ್ಯತೆಯಿಂದಲೇ ತುಂಬಬೇಕಾಗಿದೆ.

ಆಯುಷ್ಯದ ಲೆಕ್ಕವಂತೂ ಎಷ್ಟು ವ್ಯರ್ಥವೆಂಬುದಕ್ಕೆ ನಮ್ಮ ನೆರೆಹೊರೆಯೇ ಸಾಕ್ಷಿ. ಬೆಳಗಾವಿಯ ಸುರೇಶ ಅಂಗಡಿಯವರು 2019ರ ಮೇ ತಿಂಗಳಲ್ಲಿ ಲೋಕಸಭೆಗೆ ಆರಿಸಿಬಂದು, ಕೇಂದ್ರದ ರೈಲ್ವೆ ಖಾತೆಯ ರಾಜ್ಯಮಂತ್ರಿಗಳಾಗಿರುವಾಗ, 2020ರ ಸಪ್ಟಂಬರ 23ರಂದು ಕೋವಿಡ್ ರೋಗದಿಂದ ತೀರಿಕೊಂಡರು. ಜನರು ಅವರಿಗೆ ಮತ ಕೊಟ್ಟ ದಿನ ಆ ರೋಗಕ್ಕೆ ಜಗತ್ತಿನಲ್ಲಿ ಹೆಸರೇ ಇರಲಿಲ್ಲ! ಅಥಣಿಯ ಮಗ್ಗುಲಿನ ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡರು, ರೈತರನ್ನು ಕೂಡಿಸಿ ಕೃಷ್ಣೆಗೆ ಬಾಂದು ಕಟ್ಟಿಸಿ ಬ್ಯಾರೇಜ್ ಸಿದ್ದುವೆಂದೇ ಹೆಸರಾದವರು, 2018ರ ಮೇ ತಿಂಗಳಲ್ಲಿ ಗೆದ್ದು ಆ ತಿಂಗಳು ಮುಗಿಯುವ ಮುಂಚೆಯೇ 28ರಂದು ಮೋಟಾರಿನ ಅಪಘಾತದಲ್ಲಿ ಗತಿಸಿದರು. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಉಮೇದುವಾರರಾಗಿದ್ದ ಬಿ. ಎನ್. ವಿಜಯಕುಮಾರರು ಪ್ರಚಾರದ ನಡುವೆ ಹೃದಯಾಘಾತಕ್ಕೆ ತುತ್ತಾಗಿ ಮೇ 4ರಂದು ನಿಧನ ಹೊಂದಲು, ಅಲ್ಲಿಯ ಮತದಾನವನ್ನು ಜೂನ್ 11ಕ್ಕೆ ಮುಂದೂಡಬೇಕಾಯಿತು. ಇಂಥ ಪ್ರಸಂಗಕ್ಕೆ ಕಾಯಿದೆಯಲ್ಲಿ ಉಪಾಯವಿದೆ: ಮತದಾನವನ್ನು ಮುಂದೂಡಬಹುದು, ತೆರವಾದ ಸ್ಥಾನಕ್ಕೆ ಮರುಚುನಾವಣೆ ನಡೆಸಬಹುದು. ವದಂತಿಯಿಂದ ಕೆಟ್ಟ ಮತಕ್ಕೆ ಮಾತ್ರ ಯಾವ ಉಪಾಯವೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಉಮೇದುವಾರರಿಗೂ ಅವರ ಪಕ್ಷದವರಿಗೂ ನಾಲ್ಕು ಮಾತು ಹೇಳದಿದ್ದರೆ ಅದು ಪಕ್ಷಪಾತವಾದೀತು. ವದಂತಿಯ ಬೀಜವನ್ನು ಜನರು ಬಿತ್ತಿದರೆ, ಅದಕ್ಕೆ ನೀರೆರೆಯುವವರು ಅನೇಕ ವೇಳೆ ಇವರೇ. ತಮಿಳುನಾಡಿನ ಜಯಲಲಿತಾ ಅವರು 2016ರ ಸಪ್ಟಂಬರ 22ರಂದು ಆಸ್ಪತ್ರೆಗೆ ಸೇರಿದರು. ನವೆಂಬರದ ಉಪಚುನಾವಣೆಗಳಿಗಾಗಿ ಅವರ ಪಕ್ಷದ ಪತ್ರಗಳ ಮೇಲೆ ಅವರ ರುಜುವಿನ ಬದಲು ಹೆಬ್ಬೆಟ್ಟಿನ ಗುರುತು ಬಿದ್ದಿತು. ಡಿಸೆಂಬರ 5ರಂದು ಅವರು ತೀರಿಕೊಂಡರು. ಅಷ್ಟು ದಿನ ಬಾಗಿಲು ಮುಚ್ಚಿಕೊಂಡದ್ದರ ಫಲವೇನೆಂದರೆ, 2017ರಲ್ಲಿ ನೇಮಕವಾದ ವಿಚಾರಣಾ ಆಯೋಗವು ವರದಿ ಕೊಡುವಷ್ಟರಲ್ಲಿ 2022ನೆಯ ಇಸವಿಯೇ ಬಂದಿತು. ಅದಕ್ಕೆ ಪ್ರತಿಯಾಗಿ ಅದೇ ರಾಜ್ಯದಲ್ಲಿ 1984ರಲ್ಲಿ ಏನು ನಡೆಯಿತೆಂಬುದನ್ನು ನೆನೆಯಿರಿ. ಎಂ. ಜಿ. ರಾಮಚಂದ್ರನ್ನರು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದುಕೊಂಡೇ ಚುನಾವಣೆಗೆ ನಿಂತರು. ಅವರು ಬದುಕಿಲ್ಲವೆಂಬ ಮಾತು ಹಬ್ಬಿದಾಗ, ಹಾಸಿಗೆಯಲ್ಲಿದ್ದ ಅವರ ಚಲಚ್ಚಿತ್ರವನ್ನೇ ಊರೂರಿಗೆ ತೋರಿಸಲಾಯಿತು. ರೋಗಿಯೆಂದು ಗೊತ್ತಿದ್ದೂ ಜನರು ಅವರನ್ನು ಆರಿಸಿದರು. 1985ರ ಫೆಬ್ರುವರಿಯಲ್ಲಿ ಅವರು ತಿರುಗಿ ಬಂದು ಅಧಿಕಾರ ವಹಿಸಿಕೊಂಡರು.

ನಮ್ಮ ನಾಡಿನಲ್ಲಿಯೂ ಒಂದು ಸಮೀಪದ ನಿದರ್ಶನವುಂಟು. ಎಚ್. ಡಿ. ಕುಮಾರಸ್ವಾಮಿಯವರು 2024ರ ಲೋಕಸಭಾ ಚುನಾವಣೆಯ ದಿನಗಳಲ್ಲಿ, ಮಾರ್ಚ 21ರಂದು, ಚೆನ್ನೈಯ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡರು. ಅದನ್ನು ಅವರು ಮುಚ್ಚಿಡಲಿಲ್ಲ. ಹಿಂತಿರುಗಿ ಬಂದು ಮಂಡ್ಯದಲ್ಲಿ ನಾಮಪತ್ರವನ್ನು ಸಲ್ಲಿಸಿ, ಎರಡು ಲಕ್ಷ ಎಂಬತ್ತು ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಗೆದ್ದರು. ಅವರ ರಾಜಕಾರಣವು ಯಾರಿಗೆ ಒಪ್ಪಿಗೆಯಾಗಲಿ ಬಿಡಲಿ, ರೋಗವನ್ನು ತಿಳಿದ ಮತದಾರನು ರೋಗಿಯನ್ನು ತಿರಸ್ಕರಿಸಿಯೇ ತೀರುವನೆಂಬ ಭಯವು ಸುಳ್ಳೆಂಬುದಂತೂ ಇದರಿಂದ ಸ್ಪಷ್ಟವಾಗುವದು. ಬಿಚ್ಚುಮನಸ್ಸಿನಿಂದ ಹೇಳಿದ ಒಂದು ಮಾತು ಸಾವಿರ ಪಿಸುಮಾತುಗಳ ಬಾಯಿ ಮುಚ್ಚಿಸುವದು.

ಇನ್ನು ಮೂರನೆಯ ಅನ್ಯಾಯದ ಮಾತು. ಸಾರ್ವಜನಿಕ ಪುರುಷನ ಕೈನಡುಕವನ್ನು ನೋಡಿ ನಾವು ನಗುವಾಗ, ಅದೇ ನಡುಕವುಳ್ಳ ನಮ್ಮ ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು ಆ ನಗೆಯನ್ನು ಕೇಳುತ್ತಿರುವರು. ಹೃದಯದ ಶಸ್ತ್ರಚಿಕಿತ್ಸೆಯಾದವನಿಗೆ ಇನ್ನೇನು ಕೆಲಸವಾದೀತೆಂದು ನಾವು ತೀರ್ಪು ಹೇಳುವಾಗ, ಅದೇ ಚಿಕಿತ್ಸೆ ಮಾಡಿಸಿಕೊಂಡು ಶಾಲೆಯಲ್ಲಿ ಪಾಠ ಹೇಳುತ್ತಿರುವ ಮಾಸ್ತರರಿಗೂ ಅಂಗಡಿ ನಡೆಸುತ್ತಿರುವ ವ್ಯಾಪಾರಿಗೂ ಆ ತೀರ್ಪು ತಾಗುವದು. ರೋಗವು ಅವಮಾನವೆಂದು ಕಲಿತ ಜನರು ರೋಗವನ್ನು ಬಚ್ಚಿಡಲು ಕಲಿಯುವರು. ಬಚ್ಚಿಟ್ಟ ರೋಗವೇ ಮನುಷ್ಯನನ್ನು ಕೊಲ್ಲುವದು.

ಆರೋಗ್ಯದ ಪ್ರಶ್ನೆಯನ್ನು ಚುನಾವಣೆಯಲ್ಲಿ ಕೇಳಲೇಬಾರದೆಂದು ಇದರ ಅರ್ಥವಲ್ಲ. ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ಯಾರ ಆರೋಗ್ಯದ ಪ್ರಶ್ನೆ? ಚಿಕ್ಕೋಡಿ ಕ್ಷೇತ್ರವು 1967ರಿಂದ 1996ರ ವರೆಗೆ ಏಳು ಸಲ ಬಿ. ಶಂಕರಾನಂದರನ್ನು ಲೋಕಸಭೆಗೆ ಕಳಿಸಿತು. ಅವರು ಕೇಂದ್ರದ ಆರೋಗ್ಯಮಂತ್ರಿಗಳಾಗಿದ್ದಾಗಲೇ, 1983ರಲ್ಲಿ, ದೇಶದ ಮೊದಲನೆಯ ರಾಷ್ಟ್ರೀಯ ಆರೋಗ್ಯನೀತಿಯು ಹೊರಬಿದ್ದಿತು. ಅಂಥ ಮಂತ್ರಿಯನ್ನು ಕೊಟ್ಟ ಕ್ಷೇತ್ರದ ಮತದಾರನು ಉಮೇದುವಾರನ ಎದುರು ನಿಂತು ಕೇಳತಕ್ಕ ಮಾತುಗಳು ಇವು: ತಂಬಾಕಿನ ಧೂಳಿನಲ್ಲಿ ದಿನವೆಲ್ಲ ಬೀಡಿ ಕಟ್ಟುವ ನಿಪ್ಪಾಣಿಯ ಹೆಣ್ಣುಮಕ್ಕಳ ಪುಪ್ಪುಸಗಳ ಗತಿಯೇನು? 2005ರಂತೆಯೂ 2019ರಂತೆಯೂ ಕೃಷ್ಣೆಯು ಉಕ್ಕಿದಾಗ ದಂಡೆಯ ಹಳ್ಳಿಗಳ ಬಸುರಿ-ಬಾಣಂತಿಯರನ್ನು ದವಾಖಾನೆಗೆ ತಲುಪಿಸುವ ಏರ್ಪಾಡೇನು? ತಾಲೂಕಿನ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ವೈದ್ಯರಿರುವರೇ? ಒಬ್ಬನ ನಾಡಿಯನ್ನು ದೂರದಿಂದ ಎಣಿಸುತ್ತ ಕುಳಿತವರಿಗೆ ಈ ಲಕ್ಷಾಂತರ ನಾಡಿಗಳು ನೆನಪಾಗದಿರುವದೇ ನಮ್ಮ ರಾಜಕಾರಣದ ನಿಜವಾದ ವ್ಯಾಧಿ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಸುಶಿಕ್ಷಿತರ ಮನೆಯಿಂದ ಹೊರಟ ಮಾತಿಗೆ ಊರಲ್ಲಿ ಬೆಲೆ ಹೆಚ್ಚು. ಆದ್ದರಿಂದ ಜವಾಬ್ದಾರಿಯೂ ಹೆಚ್ಚು. ಉಮೇದುವಾರನ ರೋಗದ ಸುದ್ದಿಯು ಕೈಗೆ ಬಂದರೆ, ಹೇಳಿದವರಾರೆಂದು ಕೇಳಿರಿ. ಹೆಸರಿಲ್ಲದಿದ್ದರೆ ಅದನ್ನು ನಿಮ್ಮ ಹೊಸ್ತಿಲು ದಾಟಗೊಡಬೇಡಿರಿ. ಸಂಶಯವು ನಿಜವಾಗಿಯೂ ಇದ್ದರೆ ಸಭೆಯಲ್ಲಿ ಎದ್ದು ನಿಂತು ಅವನನ್ನೇ ಕೇಳಿರಿ, ಅವನು ಕೊಟ್ಟ ಉತ್ತರವನ್ನು ನೆನಪಿನಲ್ಲಿಡಿರಿ. ಹಿಂದೆ ಅಧಿಕಾರದಲ್ಲಿದ್ದವನಾದರೆ, ಎಷ್ಟು ದಿನ ಸಭೆಗೆ ಹಾಜರಿದ್ದನು, ಏನು ಕೇಳಿದನು, ಏನು ಮಾಡಿಸಿದನು ಎಂಬುದನ್ನು ನೋಡಿರಿ. ಕೆಲಸ ಮಾಡುವ ರೋಗಿಗೆ ಮತ ಕೊಡುವದರಲ್ಲಿ ನಷ್ಟವಿಲ್ಲ. ಕೆಲಸ ಮಾಡದ ನಿರೋಗಿಗೆ ಕೊಟ್ಟ ಮತದ ನಷ್ಟವನ್ನು ಐದು ವರ್ಷಗಳ ವರೆಗೆ ಅನುಭವಿಸಬೇಕಾಗುವದು.