ಅಕ್ವೇರಿಯಂ ಗಿಡಗಳು ರಾತ್ರಿ ಮೀನನ್ನು ಸಾಯಿಸುತ್ತವೆಯೇ? ಬೋರ್ ನೀರಿನಲ್ಲಿ ಗಿಡ ಬದುಕುವುದಿಲ್ಲವೇ?

‘ಅಕ್ವೇರಿಯಂನಲ್ಲಿ ಜೀವಂತ ಗಿಡ ಇಡಬೇಡಿ, ರಾತ್ರಿ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಸಾಯಿಸುತ್ತವೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ‘ಬೋರ್ ನೀರಿನಲ್ಲಿ ಗಿಡ ಬದುಕಲ್ಲ, ಫಿಲ್ಟರ್ ನೀರನ್ನೇ ಹಾಕಿ’ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು, ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಕಡೆ ಬೋರ್ ನೀರು ಬಳಸುವ ಮನೆಗಳಿಗೆ ಸುಮ್ಮನೆ ಖರ್ಚು ಹಚ್ಚುವ ಮಾತು.

ಗಿಡಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಬೆಳಕಿದ್ದಾಗ ತಾವು ಬಳಸುವುದಕ್ಕಿಂತ ಹೆಚ್ಚು ಆಮ್ಲಜನಕ ತಯಾರಿಸುತ್ತವೆ, ಕತ್ತಲಾದ ಮೇಲೆ ಬಳಕೆ ಮಾತ್ರ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಆದರೆ ನಾಲ್ಕೈದು ಗಿಡ, ಕೆಲವೇ ಮೀನು ಇರುವ ತೊಟ್ಟಿಯಲ್ಲಿ ಇದರಿಂದ ಮೀನು ಸಾಯುವುದು ಅಪರೂಪ. ಕೊಳೆತ ಎಲೆ, ತಿನ್ನದೆ ಉಳಿದ ಆಹಾರ, ಕಿಕ್ಕಿರಿದ ಮೀನು, ಇವು ನಿಜವಾದ ಅಪಾಯ. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಿಡ ಕೀಳಬೇಡಿ. ಕೊಳೆ ತೆಗೆದು, ರಾತ್ರಿಯಿಡೀ ಏರ್ ಪಂಪ್ ಓಡಿಸಿ. (ಗೌರಾಮಿ, ಫೈಟರ್ ಮೀನುಗಳು ಗಾಳಿಗಾಗಿ ಆಗಾಗ ಮೇಲೆ ಬರುವುದು ಸಹಜ.)

ಇನ್ನು ನೀರಿನ ವಿಷಯ. ಶಾಲೆಯಲ್ಲಿ ಮಾಡಿದ ಪ್ರಯೋಗ ನೆನಪಿದೆಯೇ? ಬೀಕರ್‌ನಲ್ಲಿ ಹೈಡ್ರಿಲ್ಲಾ, ಅದರ ಮೇಲೆ ಆಲಿಕೆ, ಆಲಿಕೆಯ ಮೇಲೆ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆ ಬರುತ್ತದೆ, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆ ಹೆಚ್ಚುತ್ತದೆ. ಸೋಡಾದಲ್ಲಿರುವ ಬೈಕಾರ್ಬೊನೇಟ್‌ನಿಂದ ಹೈಡ್ರಿಲ್ಲಾ ತನಗೆ ಬೇಕಾದ ಇಂಗಾಲ ಪಡೆಯಬಲ್ಲದು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿಸುವ ಗಡಸು ನೀರಿನಲ್ಲಿ ಇದೇ ಬೈಕಾರ್ಬೊನೇಟ್ ಧಾರಾಳವಾಗಿರುತ್ತದೆ. ರಿಬ್ಬನ್ ಎಲೆಯ ವ್ಯಾಲಿಸ್ನೇರಿಯಾ ಕೂಡ ಹೈಡ್ರಿಲ್ಲಾದಂತೆಯೇ. ಅಂಗಡಿಯಲ್ಲಿ ಕೆಂಪಗೆ ಮಿನುಗುವ ಕೆಲವು ಗಿಡಗಳಿಗೆ ಈ ಶಕ್ತಿ ಇಲ್ಲ, ಅವು ನಮ್ಮ ನೀರಿನಲ್ಲಿ ಸೊರಗುತ್ತವೆ. ನೀರು ಕೆಟ್ಟದ್ದಲ್ಲ, ಗಿಡದ ಆಯ್ಕೆ ತಪ್ಪು, ಅಷ್ಟೇ.

ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ತುಂಬಿದರೆ? ಆರ್‌ಒ ಯಂತ್ರ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಸಿಯಂನ ಬಹುಭಾಗ ತೆಗೆದುಬಿಟ್ಟಿರುತ್ತದೆ. ಗಿಡಕ್ಕೆ ಅದು ಬರೀ ಗಂಜಿ ತಿಳಿ. ಬೋರ್ ನೀರು ಅತಿ ಗಡಸಾಗಿದ್ದರೆ ಎರಡನ್ನೂ ಬೆರೆಸಬಹುದು. ಆಗತಾನೆ ಎತ್ತಿದ ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಒಂದು ದಿನ ಬಕೆಟ್‌ನಲ್ಲಿ ಬಿಟ್ಟು ಹಾಕಿ.

ಹೊಸ ಗಿಡ ತಂದ ವಾರದಲ್ಲೇ ಎಲೆ ಕರಗಿದರೆ ಬಿಸಾಡಬೇಡಿ. ನರ್ಸರಿಗಳಲ್ಲಿ ಹಲವು ಗಿಡಗಳನ್ನು ನೀರಿನಿಂದ ಹೊರಗೆ ಬೆಳೆಸುತ್ತಾರೆ, ಮುಳುಗಿದಾಗ ಹಳೆಯ ಎಲೆ ಹೋಗಿ ನೀರಿಗೆ ಹೊಂದುವ ಎಲೆ ಬರುತ್ತದೆ. ಬೇರು ಗಟ್ಟಿಯಿದ್ದರೆ ಕಾಯಿರಿ. ಜಾವಾ ಫರ್ನ್, ಅನುಬಿಯಸ್‌ಗಳ ದಪ್ಪ ಕಾಂಡವನ್ನು ಮರಳಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೆ ಕಟ್ಟಿ. ಕಿಟಕಿಯ ಬಿಸಿಲಿಗೆ ತೊಟ್ಟಿ ಇಟ್ಟರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ದಿನಕ್ಕೆ 6ರಿಂದ 8 ಗಂಟೆ ಲೈಟ್ ಸಾಕು. ಗಡಸು ನೀರಿನಲ್ಲಿ ಕಬ್ಬಿಣ ಸುಲಭಕ್ಕೆ ಸಿಗದೆ ಚಿಗುರೆಲೆ ಹಳದಿಯಾಗಬಹುದು. ಅಕ್ವೇರಿಯಂ ಗಿಡಗಳಿಗೆಂದೇ ಮಾರುವ ಕಬ್ಬಿಣದ ದ್ರವ ಬಳಸಿ.

ಹೊಲಕ್ಕೆ ತಂದ ಯೂರಿಯಾವನ್ನು ಚಿಟಿಕೆಯಷ್ಟೂ ಹಾಕಬೇಡಿ. ಯೂರಿಯಾ ನೀರಿನಲ್ಲಿ ಅಮೋನಿಯ ಆಗುತ್ತದೆ. ನೀರು ಕ್ಷಾರೀಯವಾಗಿದ್ದಷ್ಟೂ ಅದರ ವಿಷಕಾರಿ ರೂಪದ ಪಾಲು ಹೆಚ್ಚು, ಗಡಸು ಬೋರ್ ನೀರು ಸಾಮಾನ್ಯವಾಗಿ ಕ್ಷಾರೀಯವೇ. ಗಿಡ ಉಳಿಸಲು ಹೋಗಿ ಮೀನು ಕಳೆದುಕೊಳ್ಳುವ ದಾರಿ ಇದು. ಪಾಚಿಗೆ ಮೈಲುತುತ್ತ ಹಾಕುವುದೂ ಬೇಡ, ಮೀನಿಗೂ ಗಿಡಕ್ಕೂ ಅದು ವಿಷ.

ಕತ್ತರಿಸಿದ ಗಿಡ ಎಲ್ಲಿ ಹಾಕುತ್ತೀರಿ? 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಹೂವು ಅರಳಿದ ಚಿತ್ರಗಳು ಮೊಬೈಲ್‌ಗಳಲ್ಲಿ ಹರಿದಾಡಿದವು, ನೋಡಲು ಜನ ಸೇರಿದರು. ಅದು ದಕ್ಷಿಣ ಅಮೆರಿಕ ಮೂಲದ ಕಬೊಂಬಾ, ಅಕ್ವೇರಿಯಂಗಳಲ್ಲಿ ಬೆಳೆಸುವ ಗಿಡ. ಕಾಂಡದ ತುಂಡೊಂದು ಸಾಕು, ಮತ್ತೆ ಚಿಗುರಿ ನೀರಿನ ದಾರಿಯನ್ನೇ ಮುಚ್ಚಬಲ್ಲದು. ಕತ್ತರಿಸಿದ್ದನ್ನು ಕೆರೆಗೋ ಚರಂಡಿಗೋ ಎಸೆಯದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕಿ.